ಉತ್ತರದಿಂದ ಎಡಕ್ಕೆ

ನೋಟ್‌ಬುಕ್ಕಿನ ಆ ಪುಟದಲ್ಲಿ ನಾನು ಬರೆದಿರುವುದು ಇಷ್ಟು: "ಮನೆ ಬದಿಯ ಕೊಂಬೆ ಒಣಗಿದೆ. ಬುಡದಲ್ಲಿ ತೊಗಟೆ ಸಡಿಲ. ಮಣ್ಣಿನ ಮೇಲೆ ಬಿಳಿ ಪದರ. ಮುದುಕಿ ಕಿಟಕಿಯಿಂದ ನೋಡುತ್ತಿದ್ದಾಳೆ." ಮರದ ತಪಾಸಣೆಯ ಟಿಪ್ಪಣಿಯಲ್ಲಿ ಕೊನೆಯ ವಾಕ್ಯಕ್ಕೆ ಏನೂ ಕೆಲಸವಿಲ್ಲ. ಅದನ್ನು ಯಾಕೆ ಬರೆದೆ ಎಂದು ಈಗ ಕೇಳಿಕೊಂಡರೆ ನೆನಪು ತಕ್ಷಣ ಒಂದು ಒಳ್ಳೆಯ ಉತ್ತರ ಕೊಡುತ್ತದೆ: ಆಕೆಯ ಮೇಲೆ ಆಗ ಅನುಮಾನವೇನೂ ಇರಲಿಲ್ಲ, ಕಂಡದ್ದನ್ನು ಸುಮ್ಮನೆ ಬರೆದೆ ಎಂದು. ಈ ಉತ್ತರವನ್ನು ನಾನು ನಂಬುವುದಿಲ್ಲ. ಆ ಸಾಲಿನಲ್ಲಿ ಪೆನ್ನು ಒತ್ತಿದ ಗುರುತು ಮುಂದಿನ ಪುಟದಲ್ಲೂ ಇದೆ.

ಅದು ಬೊನೈರ್ ದ್ವೀಪ. ಇರುವುದು ಕೆರಿಬಿಯನ್ ಸಮುದ್ರದಲ್ಲಿ, ಆಡಳಿತ ಮಾತ್ರ ನೆದರ್ಲೆಂಡ್ಸ್‌ನದು. ಅಲ್ಲಿ ನಾನಿರುವ ಬೆಸ್ಟ್ ಎಂಬ ಊರಿನಿಂದ ಐಂಡ್‌ಹೋವನ್ನಿನ ಕಚೇರಿಗೆ ಸೈಕಲ್ಲಿನಲ್ಲಿ ಹೋಗುವಾಗ ದಾರಿಯಲ್ಲಿ ಸಿಗುವ ಓಕ್ ಮರಗಳಿಗೆ ಯಾವ ಫಾರ್ಮು ತುಂಬುತ್ತೇನೋ, ಹತ್ತು ಗಂಟೆಯ ವಿಮಾನದಾಚೆ ಇರುವ ಹುಣಸೆ ಮರಕ್ಕೂ ಅದೇ ಫಾರ್ಮು. ಹಿಮದಿಂದಾದ ಹಾನಿ ಎಂಬ ಕಾಲಂ ಕೂಡ ಅದರಲ್ಲಿದೆ. ಮರಗಳನ್ನು ಪರೀಕ್ಷಿಸಿ ಯಾವುದು ನಿಲ್ಲುತ್ತದೆ, ಯಾವುದರ ಯಾವ ಕೊಂಬೆ ಕಡಿದು ಇಳಿಸಬೇಕು ಎಂದು ವರದಿ ಕೊಡುವ ಸಣ್ಣ ಸಂಸ್ಥೆ ನಮ್ಮದು. ದ್ವೀಪದ ಒಂದು ವಸತಿ ಸಂಸ್ಥೆ ತನ್ನ ಬಾಡಿಗೆ ಮನೆಗಳ ಅಂಗಳದ ಮರಗಳನ್ನು ನೋಡಿಕೊಡಿ ಎಂದು ಕೇಳಿತ್ತು. ಮೇ ತಿಂಗಳಲ್ಲಿ ನಾನೊಬ್ಬಳೇ ಹೋಗಿ ಎಲ್ಲವನ್ನೂ ನೋಡಿ, ಅನುಮಾನ ಬಂದ ಹನ್ನೊಂದು ಮರಗಳಿಗೆ ಸದ್ದಿನ ಪರೀಕ್ಷೆ ಮಾಡಿ ಬಂದಿದ್ದೆ. ನವೆಂಬರಿನಲ್ಲಿ ಮತ್ತೆ ಕರೆದರು. ಹನ್ನೊಂದರಲ್ಲಿ ಒಂದು ಸಾಯುತ್ತಿತ್ತು.

ಸದ್ದಿನ ಪರೀಕ್ಷೆ ಸರಳವಾದದ್ದು. ಕಾಂಡದ ಸುತ್ತ ಒಂದೇ ಎತ್ತರದಲ್ಲಿ ಹನ್ನೆರಡು ಸಣ್ಣ ಮೊಳೆಗಳನ್ನು ತೊಗಟೆ ದಾಟಿ ಕಟ್ಟಿಗೆಗೆ ತಾಗುವಷ್ಟು ಹೊಡೆಯುತ್ತೇವೆ. ಪ್ರತಿ ಮೊಳೆಗೂ ಒಂದು ಸೆನ್ಸರ್ ತಗುಲಿಸಿ, ಒಂದೊಂದನ್ನೇ ಸುತ್ತಿಗೆಯಿಂದ ತಟ್ಟುತ್ತೇವೆ. ಗಟ್ಟಿ ಕಟ್ಟಿಗೆಯಲ್ಲಿ ಸದ್ದು ನೇರವಾಗಿ ಬೇಗ ಓಡುತ್ತದೆ. ಕೊಳೆತ ಜಾಗ ಸಿಕ್ಕರೆ ಸುತ್ತು ಹಾಕಿ ತಡವಾಗಿ ತಲುಪುತ್ತದೆ. ಕಂಪ್ಯೂಟರ್ ಆ ಸಮಯಗಳನ್ನೆಲ್ಲ ಸೇರಿಸಿ ಕಾಂಡವನ್ನು ಅಡ್ಡ ಕೊಯ್ದಂತೆ ಒಂದು ಚಿತ್ರ ಬರೆಯುತ್ತದೆ. ಗಟ್ಟಿ ಇದ್ದಲ್ಲಿ ಕಂದು, ಕೊಳೆತಲ್ಲಿ ನೀಲಿ. ಮೊದಲನೇ ಮೊಳೆ ಉತ್ತರಕ್ಕೆ, ಅಲ್ಲಿಂದ ನಕ್ಷೆಯಲ್ಲಿ ನೋಡಿದಂತೆ ಎಡಕ್ಕೆ, ಎಂದರೆ ಪಶ್ಚಿಮದ ಕಡೆಗೆ ತಿರುಗಿ ಸುತ್ತುವುದು ನಮ್ಮ ಕ್ರಮ. ಕಂಪ್ಯೂಟರಿಗೆ ಗೊತ್ತಿರುವುದೂ ಆ ಕ್ರಮ ಒಂದೇ.

ಈ ಹುಣಸೆಗೆ ಎರಡು ದೊಡ್ಡ ಕೊಂಬೆಗಳು. ಪಶ್ಚಿಮದ್ದು ರಸ್ತೆಯ ಮೇಲೆ, ಪೂರ್ವದ್ದು ಮನೆಯ ಅಡುಗೆಕೋಣೆಯ ತಗಡಿನ ಮೇಲೆ. ಅಲ್ಲಿ ವರ್ಷವಿಡೀ ಗಾಳಿ ಪೂರ್ವದಿಂದಲೇ ಬೀಸುವುದರಿಂದ ಇಡೀ ಮರ ರಸ್ತೆಯ ಕಡೆ ವಾಲಿತ್ತು. ಮೇ ತಿಂಗಳ ಚಿತ್ರದಲ್ಲಿ ರಸ್ತೆ ಬದಿ ನೀಲಿ, ಮನೆ ಬದಿ ಅಚ್ಚ ಕಂದು. ನನ್ನ ವರದಿಯಂತೆ ರಸ್ತೆಯ ಮೇಲಿನ ಕೊಂಬೆಯನ್ನು ಅರ್ಧಕ್ಕೆ ಇಳಿಸಿದರು. ಮನೆ ಬದಿಯನ್ನು ಮುಟ್ಟಲಿಲ್ಲ.

ಈಗ ಒಣಗುತ್ತಿದ್ದುದು ಮನೆ ಬದಿಯ ಕೊಂಬೆ.

ವಸತಿ ಸಂಸ್ಥೆಯ ಮೇಲ್ವಿಚಾರಕ ಐದು ವರ್ಷದ ಹಿಂದೆ ಉಟ್ರೆಕ್ಟ್‌ನಿಂದ ಬಂದು ಅಲ್ಲಿ ನೆಲೆಸಿದವನು. ಮೆಲುದನಿಯ ಮನುಷ್ಯ, ಇಸ್ತ್ರಿ ಮಾಡಿದ ಅಂಗಿ. ಅಂಗಳದಲ್ಲಿ ನನ್ನ ಪಕ್ಕ ನಿಂತು ಕಿಟಕಿಯ ಕಡೆ ನೋಡದೆಯೇ ಹೇಳಿದ:

"ಮರ ತೆಗೆಸಿ ಅಂತ ಈಕೆ ಮೂರು ಸಲ ಅರ್ಜಿ ಕೊಟ್ಟಿದ್ದಾಳೆ. ಮೂರು ಸಲವೂ ನಾವು ಇಲ್ಲ ಅಂದೆವು. ಈಗ ನೋಡಿ, ಆಕೆಯ ಕಡೆಯದೇ ಸಾಯ್ತಿದೆ."

"ನೀವು ಹೇಳೋದು..."

"ನಾನು ಏನೂ ಹೇಳ್ತಿಲ್ಲ. ತಜ್ಞರು ನೀವು. ಬೇಕಂತಲೇ ಮರಕ್ಕೆ ಹಾನಿ ಮಾಡಿದರೆ ಕರಾರು ರದ್ದು ಅಂತ ಬಾಡಿಗೆ ಪತ್ರದಲ್ಲಿದೆ. ಶುಕ್ರವಾರದೊಳಗೆ ನಿಮ್ಮ ಒಂದು ಸಾಲು ಬೇಕು, ಅಷ್ಟೆ."

ಅಂದು ಮಂಗಳವಾರ. ಮನೆ ಖಾಲಿ ಮಾಡುವ ನೋಟಿಸು ಆಗಲೇ ಟೈಪಾಗಿತ್ತು ಎಂದು ನನಗೆ ತಿಳಿದದ್ದು ಮರುದಿನ. ಮಂಗಳವಾರವೇ ತಿಳಿದಿತ್ತು, ಆದರೂ ಸುಮ್ಮನಿದ್ದೆ ಎಂದು ಕೆಲವು ದಿನ ಅನಿಸುತ್ತದೆ. ನೋಟ್‌ಬುಕ್ ಈ ಬಗ್ಗೆ ಏನೂ ಹೇಳುವುದಿಲ್ಲ.

ಮೇಲ್ವಿಚಾರಕ ಹೋದ ಮೇಲೆ ಬುಡದ ಮಣ್ಣನ್ನು ಶುದ್ಧ ನೀರಿನಲ್ಲಿ ಕಲಸಿ, ಉಪ್ಪಿನಂಶ ಅಳೆಯುವ ಮೀಟರನ್ನು ಅದ್ದಿದೆ. ರಸ್ತೆ ಬದಿಯ ಮಣ್ಣಿಗಿಂತ ಮನೆ ಬದಿಯದು ಎಷ್ಟೋ ಪಟ್ಟು ಹೆಚ್ಚು ತೋರಿಸಿತು. ಮರದ ಸುತ್ತಿಗೆಯಿಂದ ಬುಡ ಬಡಿದೆ. ಮನೆ ಬದಿ ಪೊಳ್ಳು ಸದ್ದು. ಮೇ ತಿಂಗಳಲ್ಲಿ ಇಲ್ಲಿ ಬಡಿದಾಗ "ಸ್ಪಷ್ಟವಿಲ್ಲ" ಎಂದು ಬರೆದುಕೊಂಡಿದ್ದೆ. ಅದಕ್ಕೇ ಮೊಳೆ ಹೊಡೆದು ನೋಡಿದ್ದು, ಚಿತ್ರ ಗಟ್ಟಿ ಎಂದಿದ್ದು. ಆರು ತಿಂಗಳಲ್ಲಿ ಗಟ್ಟಿ ಕಟ್ಟಿಗೆ ತಾನಾಗಿ ಹೀಗಾಗುವುದಿಲ್ಲ. ಬಾಗಿಲು ತಟ್ಟಿದೆ.

ಬಾಗಿಲು ತೆರೆದವಳಿಗೆ ಎಪ್ಪತ್ತು ದಾಟಿತ್ತು. ಶಾಲೆಯೊಂದರಲ್ಲಿ ಅಡುಗೆ ಮಾಡಿ ನಿವೃತ್ತಳಾದವಳು. ಈಗ ಮೀನಿಗೆ ಉಪ್ಪು ಹಾಕಿ ಒಣಗಿಸಿ ನೆರೆಹೊರೆಗೆ ಕೊಡುತ್ತಾಳೆ. ನಾವು ಮಾತಾಡಿದ್ದು ಡಚ್ಚಿನಲ್ಲಿ, ಇಬ್ಬರಿಗೂ ಅದು ಮನೆಯದಲ್ಲ, ಕಲಿತ ಭಾಷೆ.

"ಮೀನು ತೊಳೆದ ನೀರು ಎಲ್ಲಿ ಚೆಲ್ತೀರಿ?"

"ಮರದ ಬುಡಕ್ಕೆ. ಮತ್ತೆಲ್ಲಿ ಚೆಲ್ಲಲಿ, ನಿನ್ನ ಹಾಲೆಂಡಿನಲ್ಲಾ?"

"ಯಾವಾಗಿನಿಂದ?"

"ಈ ಮನೆಗೆ ಬಂದಾಗಿನಿಂದ. ಇಪ್ಪತ್ತೆಂಟು ವರ್ಷ."

"ಮೇ ತಿಂಗಳಲ್ಲಿ ಈ ಬದಿ ಚೆನ್ನಾಗಿತ್ತು."

"ಮೇ ತಿಂಗಳಲ್ಲಿ ನೀನು ನೋಡ್ಲೇ ಇಲ್ಲ. ನನ್ನ ಕಡೆಯದು ಡೋಲಿನ ಥರ ಕೇಳುತ್ತೆ ಅಂತ ಹೇಳಿದೆ. ನೀನು ಕಂಪ್ಯೂಟರ್ ತೋರಿಸಿದೆ, ಬಣ್ಣಬಣ್ಣದ್ದು."

ಆಕೆ ಹಾಗೆ ಹೇಳಿದ್ದು ನನಗೆ ನೆನಪಿರಲಿಲ್ಲ. ನೋಟ್‌ಬುಕ್ಕಿನಲ್ಲೂ ಇಲ್ಲ. ಸುಳ್ಳು ಹೇಳುತ್ತಿದ್ದಾಳೆ ಎಂದುಕೊಂಡೆ. ಬಾಗಿಲು ಮುಚ್ಚುವ ಮುಂಚೆ ಆಕೆ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು.

"ಹಾಲೆಂಡಿನಿಂದ ಬರೋರಿಗೆ ನಾವು ಮಕಾಂಬಾ ಅಂತೀವಿ. ನೀನು ಮಕಾಂಬಾ ಥರಾನೂ ಕಾಣಲ್ಲ. ಆದರೆ ಅವರ ಪೇಪರ್ ಹಿಡ್ಕೊಂಡು ಬಂದಿದ್ದೀಯ."

ಅಂದು ಮಧ್ಯಾಹ್ನ ವರದಿಯ ಕರಡು ಬರೆದೆ. ಅದು ಈಗಲೂ ನನ್ನ ಬಳಿ ಇದೆ, ಅಳಿಸಿಲ್ಲ. "ಹೊರಗಿನಿಂದ ಉದ್ದೇಶಪೂರ್ವಕವಾಗಿ ಉಪ್ಪು ಸುರಿದಿರುವ ಸಂಭವ ಹೆಚ್ಚು." ಪುರಾವೆಗಳೆಲ್ಲ ಒಂದರ ಪಕ್ಕ ಒಂದು ಬಂದು ಕೂತಿದ್ದವು: ಮೂರು ಅರ್ಜಿ, ಬಿಳಿ ಪದರ, ಮೀಟರಿನ ಅಂಕಿ, ಮೇ ತಿಂಗಳ ಕಂದು ಬಣ್ಣ. ಇಷ್ಟು ಅಚ್ಚುಕಟ್ಟಾದ ವರದಿಯನ್ನು ನಾನು ಅದಕ್ಕೆ ಮುಂಚೆ ಬರೆದಿರಲಿಲ್ಲ.

ನಮ್ಮಲ್ಲಿ ಯಾವ ವರದಿಯೂ ಒಂದೇ ಸಹಿಯಲ್ಲಿ ಹೋಗುವುದಿಲ್ಲ. ಎರಡನೆಯ ಸಹಿ ಐಂಡ್‌ಹೋವನ್ನಿನಲ್ಲಿ ಕೂತು ಸದ್ದಿನ ಅಂಕಿಗಳನ್ನು ನೋಡುವ ಸಹೋದ್ಯೋಗಿಯದು. ಚನ್ನಪಟ್ಟಣದವರು, ನನ್ನದೇ ವಯಸ್ಸು, ಮೊದಲು ಕಂಪ್ಯೂಟರ್ ಚಿಪ್‌ಗಳನ್ನು ಅಳೆಯುವ ಕೆಲಸದಲ್ಲಿದ್ದವರು. ಮನೆಯಲ್ಲಿ ದಖ್ಖನಿ ಉರ್ದು, ನನ್ನೊಡನೆ ಕನ್ನಡ, ಕಾಫಿ ಮೆಷಿನ್ನಿನ ಮುಂದೆ ಎರಡೂ. ಬುಧವಾರ ಬೆಳಿಗ್ಗೆ ನನಗೆ ಫೋನ್ ಮಾಡಿದಾಗ ಅಲ್ಲಿ ಮಧ್ಯಾಹ್ನದ ಊಟ ಮುಗಿದಿತ್ತು.

"ಏನ್ ಮೇಡಂ, ಅಜ್ಜಿನ ಮನೆಯಿಂದ ಹೊರಗೆ ಹಾಕೋಕೆ ಹೊರಟಿದ್ದೀರಾ?"

"ನಾನಲ್ಲ ಸಾಹೇಬ್ರೆ, ಉಪ್ಪು."

"ಉಪ್ಪು ಬೇರನ್ನ ಸಾಯಿಸುತ್ತೆ. ಸರಿ. ಬುಡ ಪೊಳ್ಳು ಅಂತಾನೂ ಬರ್ದಿದ್ದೀರಿ. ಉಪ್ಪು ಆರು ತಿಂಗಳಲ್ಲಿ ಪೊಟರೆ ಮಾಡುತ್ತಾ?"

ನಾನು ಏನೋ ಉತ್ತರ ಕೊಟ್ಟೆ. ಬೇರು ಸತ್ತರೆ ಶಿಲೀಂಧ್ರ ಬೇಗ ಏರುತ್ತದೆ, ಬಿಸಿ ಹವೆ, ತೇವ, ಇತ್ಯಾದಿ. ಅವರು ಕೇಳಿಸಿಕೊಂಡರು.

"ಇದೆಲ್ಲ ನೀವು ಬೇರೆಯವರ ವರದಿಯಲ್ಲಿ ಓದಿದ್ರೆ ನಂಬ್ತಿದ್ರಾ? ಮತ್ತೆ ಮೊಳೆ ಹೊಡೀರಿ. ಹೊಸ ಚಿತ್ರ ಇಲ್ದೆ ನಾನು ಸಹಿ ಹಾಕಲ್ಲ."

"ಸರಿ, ಹನ್ನೆರಡು ಪಾಯಿಂಟ್ ಹೊಡೆದು ಕಳಿಸ್ತೀನಿ."

"ಕಳಿಸೋದಲ್ಲ. ವಿಡಿಯೋ ಆನ್ ಇಡಿ. ಒಂದೊಂದಕ್ಕೂ ನಂಬರ್ ಬೇಡ, ದಿಕ್ಕು ಹೇಳಿ. ನಿಮ್ಮ ಮೇಲೆ ಅನುಮಾನ ಅಂತಲ್ಲ. ನನಗೆ ಎಲ್ಲರ ಮೇಲೂ ಅನುಮಾನ, ಸಮವಾಗಿ."

ಫೋನನ್ನು ಬೇಲಿಯ ಕಂಬಕ್ಕೆ ಕಟ್ಟಿ, ದಿಕ್ಸೂಚಿ ಹಿಡಿದು ಶುರುಮಾಡಿದೆ. ಉತ್ತರ. ಸುತ್ತಿಗೆ. ಮುಂದಿನದಕ್ಕೆ ನಾನು ಕೈ ಚಾಚಿದಾಗ ಅವರು "ದಿಕ್ಕು?" ಎಂದರು. ಮುಳ್ಳು ನೋಡಿ ಒಂದು ಕ್ಷಣ ನಿಂತೆ, ಕೈ ಹಿಂದಕ್ಕೆ ತೆಗೆದುಕೊಂಡು ಈಚೆ ಬಂದೆ. "ಉತ್ತರಕ್ಕೆ ಸ್ವಲ್ಪ ಪಶ್ಚಿಮ" ಎಂದೆ. ಆ ಒಂದು ಕ್ಷಣ ನಿಂತಿದ್ದು ವಿಡಿಯೋದಲ್ಲಿದೆ. ನನಗೆ ಆಗ ಅದು ಏನೂ ಅನಿಸಲಿಲ್ಲ. ಹೀಗೆ ದಿಕ್ಕು ಕೂಗುತ್ತಾ ಹನ್ನೆರಡೂ ಮೊಳೆ ಹೊಡೆದು, ತಟ್ಟಿ, ಅಂಕಿಗಳನ್ನು ಕಳಿಸಿದೆ. ಕಿಟಕಿಯ ಪರದೆ ಒಂದಿಷ್ಟು ಸರಿದಿತ್ತು.

ಚಿತ್ರ ಬರಲು ಹತ್ತು ನಿಮಿಷ. ಅವರು ಎರಡು ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ನನ್ನ ಪರದೆಗೆ ಹಾಕಿದರು. ಮೇ ತಿಂಗಳದ್ದರಲ್ಲಿ ನೀಲಿ ರಸ್ತೆಯ ಕಡೆ. ಈಗಿನದರಲ್ಲಿ ಅದೇ ನೀಲಿ, ಅದೇ ಉದ್ದ, ತುದಿಯಲ್ಲಿ ಅದೇ ಕೊಂಡಿ, ಮನೆಯ ಕಡೆ. ರಸ್ತೆ ಬದಿ ಈಗ ಅಚ್ಚ ಕಂದು.

"ಕೊಳೆತ ಕಟ್ಟಿಗೆ ಗಟ್ಟಿ ಆಗಿರೋದು ಯಾವತ್ತಾದ್ರೂ ನೋಡಿದ್ದೀರಾ ಮೇಡಂ?"

"ಇಲ್ಲ."

"ಹಾಗಾದ್ರೆ ಎರಡರಲ್ಲಿ ಒಂದು ಕನ್ನಡಿ ಚಿತ್ರ. ಇವತ್ತಿಂದು ನಾನು ಕಣ್ಣಾರೆ ನೋಡಿದ್ದೀನಿ. ಮೇ ತಿಂಗಳಲ್ಲಿ ಯಾವ ಕಡೆಯಿಂದ ಸುತ್ತಿದ್ರಿ?"

"ಎಡಕ್ಕೇ. ನನಗೆ ಚೆನ್ನಾಗಿ ನೆನಪಿದೆ."

ನಿಜವಾಗಿಯೂ ನೆನಪಿತ್ತು. ಈಗಲೂ ಇದೆ. ಕಣ್ಣು ಮುಚ್ಚಿದರೆ ನಾನು ಪಶ್ಚಿಮಕ್ಕೆ ಹೆಜ್ಜೆ ಇಡುತ್ತೇನೆ, ಕಾಲಿಗೆ ಒಂದು ಬೇರು ತಾಗುತ್ತದೆ, ಬೆವರು ಕಣ್ಣಿಗಿಳಿಯುತ್ತದೆ. ಇಷ್ಟು ವಿವರವಾಗಿರುವುದು ಸುಳ್ಳಾಗಲು ಹೇಗೆ ಸಾಧ್ಯ ಎಂದುಕೊಂಡು, ತಪ್ಪು ಹೊರಿಸಲು ಬೇರೆಯವರನ್ನು ಹುಡುಕತೊಡಗಿದೆ. ಸಹೋದ್ಯೋಗಿಯೇ ಫೈಲನ್ನು ಉಲ್ಟಾ ತೆರೆದಿರಬೇಕು. ಇಲ್ಲ, ಈ ಆರು ತಿಂಗಳ ನಡುವೆ ಬದಲಾಯಿಸಿದ ಸಾಫ್ಟ್‌ವೇರ್ ಇರಬೇಕು. ಇಲ್ಲ, ಉತ್ತರದ ಮೊಳೆಯ ಪಕ್ಕ ನಾನು ಹಚ್ಚಿದ್ದ ಬಣ್ಣದ ಚುಕ್ಕೆಯನ್ನು ಯಾರೋ ಕೆರೆದು ಬೇರೆ ಕಡೆ ಹಚ್ಚಿರಬೇಕು, ಆ ಯಾರೋ ಒಳಗೇ ಕೂತಿರಬೇಕು. ಕೊನೆಯದು ಎಷ್ಟು ಅಸಂಬದ್ಧ ಎಂದು ಗೊತ್ತಿದ್ದೂ ಹೋಗಿ ಬಾಗಿಲು ತಟ್ಟಿದೆ.

"ಮೇ ತಿಂಗಳಿಂದ ಈ ಮರವನ್ನ ಯಾರಾದರೂ ಮುಟ್ಟಿದ್ದಾರಾ?"

ಆಕೆ ನಕ್ಕಳು. ಒಳಗೆ ಹೋಗಿ ಫೋನ್ ತಂದಳು.

"ನೀನು ಮುಟ್ಟಿದ್ದೀಯ. ಇಲ್ಲಿದ್ದೀಯ ನೋಡು. ನಿಮ್ಮಂಥೋರು ಬಂದು ಏನೋ ಮಾಡ್ತೀರಿ, ಆಮೇಲೆ ಮನೆಗೆ ಕಾಗದ ಬರುತ್ತೆ. ಅದಕ್ಕೇ ನಾನು ಎಲ್ಲಾ ತೆಗೆದಿಡ್ತೀನಿ."

ನಾಲ್ಕು ನಿಮಿಷದ ವಿಡಿಯೋ. ಮೊದಲು ಬೇಲಿಯಾಚೆಯ ಒಂದು ಆಡು, ಆಮೇಲೆ ನಾನು. ಅಗಲ ಅಂಚಿನ ಟೋಪಿ, ಸೊಂಟದಲ್ಲಿ ಮೊಳೆಯ ಚೀಲ. ಉತ್ತರಕ್ಕೆ ಮೊದಲ ಮೊಳೆ ಹೊಡೆದು, ಕಾಂಡವನ್ನು ಬಲಗಡೆ ಇಟ್ಟುಕೊಂಡು, ಹಿಂದೆಮುಂದೆ ನೋಡದೆ, ಪೂರ್ವಕ್ಕೆ ತಿರುಗಿ ಸುತ್ತಲು ಹೊರಟೆ. ಎರಡು, ಮೂರು, ನಾಲ್ಕು. ಕಟ್ಟೆಯ ಅರಳಿಮರವನ್ನು ಸುತ್ತುವವರು ಸುತ್ತುವ ಹಾಗೆ, ಪ್ರದಕ್ಷಿಣೆಯಾಗಿ. ನೆದರ್ಲೆಂಡ್ಸ್‌ನಲ್ಲಿ ಮೊಳೆ ಹೊಡೆಯುವುದು ಯಾವಾಗಲೂ ಬೇರೊಬ್ಬರು, ನಾನು ಲ್ಯಾಪ್‌ಟಾಪಿನ ಮುಂದೆ. ಮೊದಲ ಬಾರಿಗೆ ಒಬ್ಬಳೇ ಮರದ ಮುಂದೆ ನಿಂತಾಗ ಕಾಲು ತನಗೆ ಗೊತ್ತಿದ್ದ ಕಡೆಗೆ ಹೋಗಿತ್ತು. ವಿಡಿಯೋದ ಕೊನೆಯಲ್ಲಿ ಆಕೆಯ ದನಿ ಇದೆ: "ನನ್ನ ಕಡೆಯದು ಡೋಲಿನ ಹಾಗೆ ಕೇಳುತ್ತೆ." ನನ್ನ ದನಿಯೂ ಇದೆ: "ಚಿತ್ರ ಬರಲಿ, ನೋಡೋಣ."

ಅದನ್ನು ಸಹೋದ್ಯೋಗಿಗೆ ಕಳಿಸಿದೆ. ಎರಡು ನಿಮಿಷ ಬಿಟ್ಟು ಫೋನ್ ಬಂತು.

"ಅರೆ ಮೇಡಂ, ನಿಮ್ಮ ಮೈಸೂರಲ್ಲಿ ಹುಣಸೆ ಮರಕ್ಕೂ ಪ್ರದಕ್ಷಿಣೆ ಹಾಕ್ತಾರಾ? ನಮ್ಮ ಕಡೆ ಹುಣಸೆ ಅಂದ್ರೆ ದೆವ್ವದ ಮನೆ."

ನಾನು ನಗಲಿಲ್ಲ. ಅವರೂ ನಿಲ್ಲಿಸಿದರು.

"ಉಳಿದ ಹತ್ತು ಮರ?" ಎಂದರು.

"ಹತ್ತಕ್ಕೂ ಮೊಳೆ ಹೊಡೆದದ್ದು ನಾನೊಬ್ಬಳೇ."

ಗುರುವಾರ ಬೆಳಿಗ್ಗೆ ಮೇಲ್ವಿಚಾರಕನ ಕಚೇರಿಗೆ ಹೋದೆ. ಮರ ಒಳಗಿನಿಂದ ಕೊಳೆತಿರುವುದು ಎಷ್ಟೋ ವರ್ಷಗಳಿಂದ, ಬಾಡಿಗೆದಾರಳಿಂದಲ್ಲ ಎಂದೆ. ಅಡುಗೆಕೋಣೆಯ ಮೇಲಿನ ಕೊಂಬೆಯನ್ನು ತಕ್ಷಣ ಇಳಿಸಬೇಕು, ಅಲ್ಲಿಯವರೆಗೆ ಆಕೆ ಆ ಕೋಣೆಗೆ ಹೋಗಬಾರದು ಎಂದೂ ಹೇಳಿದೆ. ಆತ ಬೇಸರಪಡಲಿಲ್ಲ. ಮೇಜಿನ ಮೇಲಿದ್ದ ಒಂದು ಹಾಳೆಯನ್ನು ಮಗುಚಿ ಇಟ್ಟ. ಅದೇ ನೋಟಿಸು ಎಂದುಕೊಂಡೆ. ಇರಲಿಕ್ಕಿಲ್ಲ, ಬೇರೇನೋ ಇದ್ದಿರಬಹುದು.

"ಹಾಗಾದರೆ 'ಉದ್ದೇಶಪೂರ್ವಕ ಹಾನಿ ಸಾಬೀತಾಗಿಲ್ಲ' ಅಂತ ಬರೆದುಬಿಡಿ. ಮುಗೀತು."

"ಸಾಬೀತಾಗಿಲ್ಲ ಅಂತಲ್ಲ. ಹಾನಿಯೇ ಆಗಿಲ್ಲ. ನಮ್ಮ ಮೇ ತಿಂಗಳ ಚಿತ್ರ ತಪ್ಪು."

"ಅದನ್ನು ಯಾಕೆ ಬರೀಬೇಕು? ಒಂದು ಮರದ ವಿಷಯ ಇದು. ಚಿತ್ರ ತಪ್ಪು ಅಂದರೆ ಉಳಿದ ಬಾಡಿಗೆದಾರರೆಲ್ಲ ನಾಳೆ ಇಲ್ಲಿ ಸಾಲು ನಿಲ್ತಾರೆ. ನಿಮಗೂ ಒಳ್ಳೆಯದಲ್ಲ, ನಮಗೂ ಅಲ್ಲ."

ಆತ ಹೇಳಿದ ದಾರಿ ಕೆಟ್ಟದಾಗಿ ಕಾಣಲಿಲ್ಲ ಎನ್ನುವುದನ್ನು ಬರೆದಿಡಬೇಕು. ಮುದುಕಿ ಮನೆಯಲ್ಲೇ ಉಳಿಯುತ್ತಾಳೆ. ಉಳಿದ ಹತ್ತನ್ನು ನಾನು ಸದ್ದಿಲ್ಲದೆ ಮತ್ತೆ ಅಳೆದು ಸರಿಪಡಿಸಬಹುದು. ಮೂಲೆಯಲ್ಲಿ ಫ್ಯಾನು ತಿರುಗುತ್ತಿತ್ತು. ಒಪ್ಪಿಕೊಳ್ಳಲು ಎಷ್ಟು ಹತ್ತಿರ ಬಂದಿದ್ದೆ ಎಂದು ನೆನಪು ಹೇಳುವುದಿಲ್ಲ, ಈ ವಿಷಯದಲ್ಲಿ ಮಾತ್ರ ಅದು ಬಹಳ ಮರ್ಯಾದಸ್ಥ. ಆದರೆ "ಸಾಬೀತಾಗಿಲ್ಲ" ಎಂಬ ಪದ ಆಕೆಯ ಕಡತದಲ್ಲಿ ಉಳಿಯುತ್ತದೆ. ಮುಂದಿನ ವರ್ಷ ಬೇರೊಬ್ಬ ಮೇಲ್ವಿಚಾರಕ ಅದನ್ನು ಓದಿದಾಗ, ಆಕೆ ಸಿಕ್ಕಿಬೀಳದ ಹೆಂಗಸು. ಹತ್ತು ಮನೆಗಳಲ್ಲಿ ಯಾವ ತಗಡಿನ ಮೇಲೆ ಯಾವ ಕೊಂಬೆ ಇದೆಯೋ ನನಗೆ ಗೊತ್ತಿರಲಿಲ್ಲ. ನಾಲ್ಕರಲ್ಲಿ ನನ್ನ ಮಾತಿನಂತೆ ಆಗಲೇ ಕೊಂಬೆ ಕಡಿದಿದ್ದರು, ಬಹುಶಃ ಗಟ್ಟಿ ಇದ್ದದ್ದನ್ನೇ.

ಹೊರಗೆ ಬಂದು ಐಂಡ್‌ಹೋವನ್ನಿಗೆ ಫೋನ್ ಮಾಡಿದೆ. ಹನ್ನೊಂದನ್ನೂ ವಾಪಸ್ ತೆಗೆದುಕೊಳ್ಳುತ್ತೇನೆ, ನನ್ನ ತಪ್ಪು ಏನೆಂದು ವರದಿಯಲ್ಲೇ ಬರೆಯುತ್ತೇನೆ ಎಂದೆ.

"ಬರೀರಿ," ಎಂದರು. "ಕೆಳಗೆ ನನ್ನ ಸಹಿಗೂ ಜಾಗ ಬಿಡಿ. ದಿಕ್ಕು ಕೇಳದೆ ಹನ್ನೊಂದು ಚಿತ್ರ ಪಾಸ್ ಮಾಡಿದವನು ನಾನು. ನಮ್ಮ ಬಾಸ್‌ಗೆ ಹೇಳೋದು ನೀವೋ ನಾನೋ?"

"ನಾನೇ ಹೇಳ್ತೀನಿ."

"ಇಬ್ರೂ ಹೇಳೋಣ. ಒಬ್ಬರೇ ಹೇಳಿದ್ರೆ ಇನ್ನೊಬ್ಬರ ಮೇಲೆ ಅನುಮಾನ ಬರುತ್ತೆ."

ವರದಿ ಗುರುವಾರ ಮಧ್ಯಾಹ್ನವೇ ಹೋಯಿತು. ಮೊದಲ ಸಾಲಿನಲ್ಲೇ ಬರೆದೆ: ಮೇ ತಿಂಗಳಲ್ಲಿ ನಾನು ಮೊಳೆಗಳನ್ನು ತಪ್ಪು ದಿಕ್ಕಿನಲ್ಲಿ ಸುತ್ತಿ ಹೊಡೆದೆ, ಆದ್ದರಿಂದ ಹನ್ನೊಂದು ಚಿತ್ರಗಳಲ್ಲೂ ಪೂರ್ವ ಪಶ್ಚಿಮವಾಗಿ, ಪಶ್ಚಿಮ ಪೂರ್ವವಾಗಿ ಬಂದಿದೆ. ಉಪ್ಪುನೀರಿನ ಬಗ್ಗೆಯೂ ಬರೆದೆ. ಅದು ಬೇರಿಗೆ ಒಳ್ಳೆಯದಲ್ಲ, ಕೊಂಬೆ ಒಣಗಿದ್ದರಲ್ಲಿ ಅದರ ಪಾಲು ಎಷ್ಟು ಎಂದು ನನಗೆ ತಿಳಿಯದು ಎಂದು. ಈಗಲೂ ತಿಳಿಯದು. ವಸತಿ ಸಂಸ್ಥೆಯಿಂದ ಎರಡು ಸಾಲಿನ ಉತ್ತರ ಬಂತು: ಬಾಡಿಗೆದಾರಳ ವಿರುದ್ಧದ ಕ್ರಮ ಕೈಬಿಟ್ಟಿದೆ, ಉಳಿದ ವಿಷಯ ವಕೀಲರ ಮೂಲಕ ಮಾತಾಡೋಣ.

ಶುಕ್ರವಾರ ದ್ವೀಪದ ಒಬ್ಬ ಮರ ಹತ್ತುವವನು ಹಗ್ಗ ಕಟ್ಟಿ ಆ ಕೊಂಬೆಯನ್ನು ತುಂಡುತುಂಡಾಗಿ ಇಳಿಸಿದ. ಕೊನೆಯ ತುಂಡು ನೆಲಕ್ಕೆ ಬಂದಾಗ ಅದರ ಒಳಗೆ ನನ್ನ ಮುಷ್ಟಿ ಹೋಗುವಷ್ಟು ತೂತು, ಕಪ್ಪು ಪುಡಿ, ಓಡಾಡುವ ಇರುವೆ. ಹೊಸದಾಗಿ ಆದದ್ದಲ್ಲ ಎಂದು ಯಾರು ನೋಡಿದರೂ ಹೇಳಬಹುದಾಗಿತ್ತು.

ಸಂಸ್ಥೆಯ ಉತ್ತರವನ್ನು ಆಕೆಗೆ ಓದಿ ಹೇಳಿದೆ. ಆಕೆ ಹಾಳೆಯನ್ನು ನನ್ನ ಕೈಯಿಂದ ತೆಗೆದುಕೊಂಡು ತಾನೇ ಓದಿದಳು, ಹಿಂಬದಿ ಮಗುಚಿ ನೋಡಿದಳು, ನನ್ನ ವರದಿಯನ್ನೂ ಕೇಳಿ ಪಡೆದು ಮೊದಲ ಸಾಲಿನ ಮೇಲೆ ಬೆರಳಿಟ್ಟಳು.

"ಹನ್ನೊಂದು ಅಂದರೆ?"

"ನಿಮ್ಮದು ಬಿಟ್ಟು ಇನ್ನೂ ಹತ್ತು ಮನೆ."

"ಅವರಿಗೆ ಹೇಳಿದ್ದೀಯಾ?"

"ಸಂಸ್ಥೆ ಕಾಗದ ಕಳಿಸುತ್ತೆ."

"ಕಾಗದ!" ಎಂದಳು. "ನನ್ನ ಮನೆಗೂ ಕಾಗದ ಬರೋದಿತ್ತು."

ನಾನು ತಪ್ಪಾಯಿತು ಎಂದೆ. ಡಚ್ಚಿನಲ್ಲಿ ಅದು ಎರಡೇ ಪದ, ಬಹಳ ಬೇಗ ಮುಗಿಯುತ್ತದೆ. ಕಾಫಿ ಕೊಡುತ್ತಾಳೇನೋ, ಒಳಗೆ ಕರೆಯುತ್ತಾಳೇನೋ ಎಂದು ಒಂದು ಕ್ಷಣ ಅನಿಸಿತು. ಹಾಗೆ ಅನಿಸಿದ್ದಕ್ಕೆ ಈಗ ನಾಚಿಕೆಯಾಗುತ್ತದೆ. ಆಕೆ ಎರಡೂ ಹಾಳೆಗಳನ್ನು ಮಡಚಿ ಏಪ್ರನ್ನಿನ ಜೇಬಿಗೆ ಹಾಕಿಕೊಂಡು, ಗೋಡೆಯಾಚೆಯ ಮನೆಯ ಕಡೆ ಗದ್ದ ಎತ್ತಿ ತೋರಿಸಿದಳು.

"ಅಲ್ಲಿ ಕೊಂಬೆ ಕೆಳಗೆ ಮಂಚ ಹಾಕ್ಕೊಂಡು ಗಂಡ ಹೆಂಡತಿ ಮಧ್ಯಾಹ್ನ ಮಲಗ್ತಾರೆ. ಈಗ ಎರಡು ಗಂಟೆ. ಇಲ್ಲಿ ನನ್ನ ಮುಖ ನೋಡ್ತಾ ಯಾಕೆ ನಿಂತಿದ್ದೀಯ?"

ನಾನು ಸುತ್ತಿಗೆಯ ಚೀಲ ಎತ್ತಿಕೊಂಡು ಹೊರಟೆ. ಗೇಟು ದಾಟುವಾಗ ಹಿಂದೆ ಚಪ್ಪಲಿಯ ಸದ್ದು ಕೇಳಿತು. ತಿರುಗಿ ನೋಡಿದರೆ ಆಕೆಯೂ ಬರುತ್ತಿದ್ದಳು.

"ನಡಿ," ಎಂದಳು. "ನೀನು ಅವರಿಗೆ ಏನು ಹೇಳ್ತೀಯ ಅಂತ ನಾನು ನಿಂತು ಕೇಳಬೇಕು."